ಸೆಕೆಂಡಿಗೊಂದು ಟಕ್

ನಾನು ಬರೆದ ಇನ್ನೂರು ಸಾಲಿನ ಕೋಡ್ ಒಬ್ಬ ಮನುಷ್ಯನ ಕೆಲಸ ಕಳೆಯಲು ಹೊರಟಿತ್ತು. ಅವರು ತಿರುಪ್ಪೂರಿನ ಒಂದು ಕಂಪನಿಯಲ್ಲಿ ಫಿಟ್ಟರ್. ಬನಿಯನ್ ಬಟ್ಟೆ ಹೆಣೆಯುವ ದುಂಡು ಮೆಷಿನ್‌ಗಳ ನಡುವೆ ಅರ್ಧ ಆಯಸ್ಸು ಕಳೆದವರು, ಹಾಲ್‌ನ ಈ ತುದಿಯಲ್ಲಿ ನಿಂತು ಆ ತುದಿಯ ಮೆಷಿನ್‌ನಲ್ಲಿ ಒಂದು ಸೂಜಿ ಬಾಗಿದೆ ಎಂದು ಬರೀ ಕಿವಿಯಿಂದ ಹೇಳುವವರು. ನಾನು ಕೊಯಮತ್ತೂರಿನ ಒಂದು ಸಣ್ಣ ಆಫೀಸಿನಲ್ಲಿ ಕೂತು, ಆ ಕಿವಿಯ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುತ್ತೇನೆ ಎಂದು ಹೊರಟವಳು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ, ಮೊದಲು ನನ್ನ ಮೇಲೆ, ಆಮೇಲೆ ಇನ್ನೂ ಇಬ್ಬರ ಮೇಲೆ.

ನಮ್ಮದು ಕೊಯಮತ್ತೂರಿನ ಹತ್ತಿರದ ಕಾರಮಡೈಯಲ್ಲಿ ನೇಕಾರರ ಮನೆ. ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಸ್ಕೂಲಿನಲ್ಲಿ ನನ್ನ ತಮಿಳು ಕೇಳಿ ನಗುತ್ತಿದ್ದರು. ಮೈಸೂರು ಕಡೆಯ ಸಂಬಂಧಿಕರ ಮದುವೆಗೆ ಹೋದರೆ ನನ್ನ ಕನ್ನಡ ಕೇಳಿ ನಗುತ್ತಿದ್ದರು. ಎಂಜಿನಿಯರಿಂಗ್ ಸೇರುತ್ತೇನೆ ಎಂದಾಗ ಬೀದಿಯವರು ನಕ್ಕರು. ಹೀಗೆ ನಗುವವರೇ ಸುತ್ತಲೂ ಇದ್ದರೆ ಮನುಷ್ಯರಿಗೆ ಒಂದು ಹಟ ಬೆಳೆಯುತ್ತದೆ: ಯಾರಾದರೂ 'ನಿನ್ನದು ತಪ್ಪು' ಎಂದರೆ ಸಾಕು, ವಿಷಯ ಏನೆಂದು ಕೇಳುವ ಮೊದಲೇ ಕತ್ತು ನೆಟ್ಟಗಾಗುತ್ತದೆ. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದೂ ಅದೇ ಹಟದಿಂದ, ಮೂವತ್ತು ದಾಟಿದ ಮೇಲೆ. ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ತುಂಬ ಇದ್ದಾರೆ, ಓದುವವರನ್ನು ಹುಡುಕಬೇಕು.

ಆಫೀಸಿನಲ್ಲಿ ನನ್ನ ಕೆಲಸ ಇಷ್ಟೇ. ಮೆಷಿನ್‌ನ ಮೈಗೆ ಅಂಟಿಸಿದ ಬೆರಳುದ್ದದ ಒಂದು ಸೆನ್ಸರ್ ಅದರ ನಡುಕವನ್ನು ಸೆಕೆಂಡಿಗೆ ಹತ್ತು ಸಾವಿರ ಸಲ ಅಳೆದು ಅಂಕಿಗಳಾಗಿ ಕಳಿಸುತ್ತಿತ್ತು. ಆ ಅಂಕಿಗಳನ್ನು ನೋಡಿ 'ಇಲ್ಲಿ ತೊಂದರೆಯಿದೆ' ಎಂದು ಹೇಳುವ ಪ್ರೋಗ್ರಾಂ ಒಂದನ್ನು ನಮ್ಮ ಮಾಲೀಕರು ಬೇರೆ ಕಡೆಯಿಂದ ತಂದಿದ್ದರು. ಅದು ಮಹಾ ಮಡಿವಂತ ಪ್ರೋಗ್ರಾಂ. ಅದಕ್ಕೆ ಸೆಕೆಂಡಿಗೆ ಎಂಟು ಸಾವಿರದ ನೂರ ತೊಂಬತ್ತೆರಡು ಅಂಕಿ ಬಡಿಸಬೇಕು. ಒಂದು ಹೆಚ್ಚಾದರೂ ಎಲೆ ಬಿಟ್ಟು ಏಳುತ್ತದೆ, ಒಂದು ಕಮ್ಮಿಯಾದರೂ ಏಳುತ್ತದೆ. ಹತ್ತು ಸಾವಿರವನ್ನು ಎಂಟು ಸಾವಿರ ಚಿಲ್ಲರೆಗೆ ಇಳಿಸುವ ಕೋಡ್ ನನ್ನ ಪಾಲಿಗೆ ಬಂತು. ಇದಕ್ಕೆ ರೀಸ್ಯಾಂಪ್ಲಿಂಗ್ ಎನ್ನುತ್ತಾರೆ.

ಅಲ್ಲೊಂದು ಇಲ್ಲೊಂದು ಅಂಕಿ ಕಿತ್ತು ಬಿಸಾಡಿದರೆ ಕೆಲಸವಾಗುವುದಿಲ್ಲ, ಸದ್ದಿನ ಮುಖವೇ ಸೊಟ್ಟಗಾಗುತ್ತದೆ. ಅದಕ್ಕಾಗಿ ನಾನು ಹಿಡಿದದ್ದು ಫೂರಿಯರ್ ಪರಿವರ್ತನೆಯ ದಾರಿ. ಒಂದು ಸೀರೆಯನ್ನು ಎಳೆ ಎಳೆಯಾಗಿ ಬಿಡಿಸಿ, ಯಾವ ಬಣ್ಣದ ಎಳೆ ಎಷ್ಟಿದೆ ಎಂದು ಪಟ್ಟಿ ಮಾಡಿದ ಹಾಗೆ, ಆ ಗಣಿತ ಒಂದು ಸದ್ದನ್ನು ಬಿಡಿಸಿ ಯಾವ ಸ್ವರ ಎಷ್ಟಿದೆ ಎಂದು ಹೇಳುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿ ನಮಗೆ ಬೇಡದ ಅತಿ ಕೀರಲು ಸ್ವರಗಳನ್ನು ತೆಗೆದುಹಾಕಿ, ಉಳಿದದ್ದರಿಂದ ಮತ್ತೆ ಸದ್ದನ್ನು ಕಟ್ಟುವಾಗ ಎಷ್ಟು ಅಂಕಿ ಬೇಕೋ ಅಷ್ಟರಲ್ಲೇ ಕಟ್ಟಬಹುದು. ಬಿಡಿಸುವುದಕ್ಕೆ ಒಂದು ಸಾಲು, ಕಟ್ಟುವುದಕ್ಕೆ ಒಂದು ಸಾಲು. ಮೊದಲ ಸಲ ಅದು ಸರಿಯಾಗಿ ಓಡಿದಾಗ ನಾನು ಕುರ್ಚಿಯಿಂದ ಎದ್ದು ಆಫೀಸಿನಲ್ಲಿ ಒಂದು ಸುತ್ತು ಹಾಕಿ ಬಂದೆ.

ಅಂಕಿಗಳನ್ನು ಒಂದೊಂದು ಸೆಕೆಂಡಿನ ತುಂಡಾಗಿ ಕತ್ತರಿಸಿ ಕೊಡುತ್ತಿದ್ದೆ. ಒಂದು ತುಂಡು ಮುಗಿದ ಕಡೆಯಿಂದಲೇ ಮುಂದಿನ ತುಂಡು. ಯಾವ ಅಂಕಿಯೂ ಎರಡು ಸಲ ಬಳಕೆಯಾಗಬಾರದು, ಯಾವುದೂ ವ್ಯರ್ಥವಾಗಬಾರದು. ಯಾರೂ ಹಾಗೆ ಮಾಡು ಎಂದಿರಲಿಲ್ಲ, ಅದು ನನ್ನ ಮೈಯಲ್ಲೇ ಇದ್ದ ಬುದ್ಧಿ. ನಮ್ಮ ಮನೆಯಲ್ಲಿ ಗೇಣುದ್ದದ ನೂಲು ನೆಲಕ್ಕೆ ಬಿದ್ದರೂ ಅವ್ವ ಬಗ್ಗಿ ಎತ್ತಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಹೂ ಕಟ್ಟಲು, ಬತ್ತಿ ಹೊಸೆಯಲು, ಹರಿದ ಚೀಲ ಹೊಲಿಯಲು ಎಲ್ಲಕ್ಕೂ ಆ ಡಬ್ಬಿ. ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ 'ಒಂದೆಳೆಯೂ ಹಾಳಾಗ್ಬಾರ್ದು' ಎಂಬ ಮಾತನ್ನು ನಾನು ಕೋಡಿನ ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಟಿಪ್ಪಣಿಯಾಗಿ ಬರೆದಿದ್ದೆ. ಆಫೀಸಿನಲ್ಲಿ ಯಾರಿಗೂ ಅರ್ಥವಾಗದು ಎಂಬ ಜಂಬ ಬೇರೆ.

ಪರೀಕ್ಷೆಯನ್ನೂ ಮಾಡಿದ್ದೆ. ಸೆಕೆಂಡಿಗೆ ಐವತ್ತು ಸಲ ಅಲುಗುವ ಸ್ವರ, ನೂರು ಸಲ ಅಲುಗುವ ಸ್ವರ, ನಾನೂರು ಸಲದ್ದು. ಎಲ್ಲ ಹಾಲಿನಂತೆ ನುಣ್ಣಗೆ ಹೊರಬಂದವು. ಮಾಲೀಕರು ಭುಜ ತಟ್ಟಿದರು. ತಿರುಪ್ಪೂರಿನ ಆ ಕಂಪನಿಯವರು ಏಳನೇ ನಂಬರಿನ ಮೆಷಿನ್‌ಗೆ ಮಾತ್ರ ಸೆನ್ಸರ್ ಹಾಕಿ ನೋಡೋಣ, ಸರಿ ಕಂಡರೆ ಉಳಿದವಕ್ಕೆ ಎಂದರು. ಆ ಮೆಷಿನ್ ಅನ್ನು ಫಿಟ್ಟರ್ ಅದೇ ವಾರ ಪೂರ್ತಿಯಾಗಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದರು.

ಮೂರನೇ ದಿನ ನಮ್ಮ ಪ್ರೋಗ್ರಾಂ ಕೆಂಪು ದೀಪ ತೋರಿಸಿತು. ಮೆಷಿನ್ ಒಳಗೆ ಏನೋ ಬಡಿಯುತ್ತಿದೆ ಎಂದಿತು. ಅಂಕಿಗಳನ್ನು ಸದ್ದಾಗಿ ಮಾಡಿ ಹೆಡ್‌ಫೋನಿನಲ್ಲಿ ಕೇಳಿದರೆ ನಿಜವಾಗಿಯೂ ಕೇಳಿಸುತ್ತಿತ್ತು: ಗೊರ್ ಎನ್ನುವ ಮೆಷಿನ್‌ನ ಸದ್ದಿನ ನಡುವೆ ಟಕ್, ಟಕ್, ಟಕ್. ಆ ಕಂಪನಿಯ ಮ್ಯಾನೇಜರ್ ಹಾಕಿಕೊಂಡು ಕೇಳಿದರು, ನಮ್ಮ ಮಾಲೀಕರು ಕೇಳಿದರು, ಇಬ್ಬರೂ ಹೌದೆಂದು ತಲೆಯಾಡಿಸಿದರು. ಫಿಟ್ಟರ್ ಮಾತ್ರ ಮೆಷಿನ್‌ನ ಮೈಗೆ ಒಂದು ಸ್ಕ್ರೂಡ್ರೈವರಿನ ತುದಿ ಇಟ್ಟು, ಅದರ ಹಿಡಿಗೆ ಕಿವಿ ಕೊಟ್ಟು, ಒಳಗೆ ಅಂಥ ಸದ್ದೇ ಇಲ್ಲ ಎಂದರು. ಜೋಡಿಸುವಾಗ ಗೇರ್ ಕೆಡಿಸಿದ್ದಾರೆ, ಕೈಯೂ ಹೋಯಿತು, ಕಿವಿಯೂ ಹೋಯಿತು ಇವರದ್ದು, ಎಂದರು ಮ್ಯಾನೇಜರ್, ಅವರ ಎದುರಿಗೇ. ಮುಂದಿನ ಸೋಮವಾರ ಮೆಷಿನ್ ಕಂಪನಿಯ ಎಂಜಿನಿಯರ್ ಬಂದು ಗೇರ್ ಬದಲಿಸುವುದು, ಫಿಟ್ಟರ್ ಅಂದೇ ಲೆಕ್ಕ ತೀರಿಸಿಕೊಂಡು ಹೋಗುವುದು ಎಂದು ತೀರ್ಮಾನವಾಯಿತು.

ಅಂದು ಶುಕ್ರವಾರ. ಸೆನ್ಸರಿನ ತಂತಿ ನೋಡಲು ನಾನು ಹಾಲ್‌ನಲ್ಲೇ ಇದ್ದೆ. ಫಿಟ್ಟರ್ ನನ್ನ ಹತ್ತಿರ ಬಂದು, ಮೆಷಿನ್ನಿನ ವೇಗ ಇಳಿಸುತ್ತೇನೆ, ಇನ್ನೊಮ್ಮೆ ಕೇಳಿ ಎಂದು ತಮಿಳಿನಲ್ಲಿ ಕೇಳಿಕೊಂಡರು. ನನಗೆ ಆ ಧ್ವನಿಯಲ್ಲಿ ನನ್ನನ್ನು ನೋಡಿ ನಕ್ಕವರೆಲ್ಲರ ಧ್ವನಿ ಕೇಳಿಸಿತು. "ಗಣಿತ ಸುಳ್ಳು ಹೇಳೋದಿಲ್ಲಣ್ಣ" ಎಂದೆ, ನಾನೂ ತಮಿಳಿನಲ್ಲೇ. ಎಷ್ಟು ಸೊಕ್ಕು! ಅವರು ಮೆಷಿನ್ ನಿಧಾನ ಮಾಡಿದರು. ನಾನು ಹೆಡ್‌ಫೋನ್ ಹಾಕಿಕೊಂಡೆ. ಗೊರ್ ಎನ್ನುವುದು ದಪ್ಪವಾಯಿತು, ಟಕ್ ಹಾಗೇ ಇತ್ತು. ನೋಡಿ, ಈಗಲೂ ಇದೆ ಎಂದು ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ.

ಅಷ್ಟರಲ್ಲಿ ಅವ್ವನ ಫೋನ್ ಬಂತು. ಹಾಲ್‌ನ ಗದ್ದಲದಲ್ಲಿ ನಾನು ಕಿರುಚಿಯೇ ಮಾತಾಡಬೇಕಾಯಿತು. "ನಾಳೆ ಬತ್ತೀನಿ ಕಣವ್ವಾ, ಊಟ ಮಾಡ್ಕೊಂಡು ಮಲ್ಕೋ" ಎಂದು ಇಟ್ಟೆ. ಫಿಟ್ಟರ್ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ನನ್ನನ್ನೇ ನೋಡುತ್ತಿದ್ದರು.

"ನೀ ನಮ್ಮೋಳಾ? ಯಾವೂರು ಅಮ್ಮಣಿ?" ಎಂದರು, ಕನ್ನಡದಲ್ಲಿ. ಅಮ್ಮಣಿ ಎನ್ನುವುದು ನಮ್ಮ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವ ಮಾತು.

"ಕಾರಮಡೈಂಗಣ್ಣ. ನೇಯೋರ ಮನೆ."

"ನಾವು ವೆಳ್ಳಕೋಯಿಲ್ ಕಡೆ. ತೋಟಂ ಕಾಡು ಅಂತ ಬೇಸಾಯದಲ್ಲಿ ಇದ್ದೋರು." ಅವರ ಮುಖದಲ್ಲಿ ಕೋಪ ಇರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. "ಹಂಗಾದ್ರೆ ನಮ್ಮ ಮಾತಲ್ಲೇ ಕೇಳ್ತೀನಿ. ಮೆಷಿನ್ನ ಮೆಲ್ಲಕೆ ಓಡ್ಸಿದೆ. ಅದ್ರೊಳಗಿನ ಗೇರು ಮೆಲ್ಲಕೆ ಸುತ್ತದೆ, ಸೂಜಿ ಮೆಲ್ಲಕೆ ಏಳ್ತದೆ. ಆ ಸತ್ತಂ ಮಾತ್ರ ಯಾಕೆ ಮೆಲ್ಲಕೆ ಆಗ್ಲಿಲ್ಲ?"

ಸದ್ದಿಗೆ ನಮ್ಮ ಮನೆಗಳಲ್ಲಿ ತಮಿಳಿನ ಸತ್ತಂ ಎಂದೇ ಹೇಳುವುದು. ನಾನು ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೈಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಒಂದು ಸಲ ಅಲುಗಿದರೆ ಒಂದು ಟಕ್. ಇನ್ನೊಂದು ಸಲ ಅಲುಗಿದರೆ ಇನ್ನೊಂದು ಟಕ್. ಅವರು ವೇಗ ಏರಿಸಿದರು. ಗೊರ್ ಸಣ್ಣಗಾಯಿತು, ಟಕ್ ಮುಳ್ಳನ್ನು ಬಿಟ್ಟು ಕದಲಲಿಲ್ಲ. ಬಟ್ಟೆ ಹೆಣೆಯುವ ಮೆಷಿನ್‌ಗೆ ಗಡಿಯಾರದ ಸೆಕೆಂಡು ಎಂದರೇನೆಂದು ಗೊತ್ತಿಲ್ಲ. ಅದು ಗೊತ್ತಿದ್ದದ್ದು ನನ್ನ ಕೋಡಿಗೆ. ನೋಡ್ತೀನಣ್ಣ ಎಂದಷ್ಟೇ ಹೇಳಿ ಬಂದುಬಿಟ್ಟೆ. ತಪ್ಪು ನನ್ನದಿರಬಹುದು ಎಂದು ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಕಾರಮಡೈಗೆ ಹೋದೆ. ದಾರಿಯುದ್ದಕ್ಕೂ ಮೆಟ್ಟುಪಾಳ್ಯಂ ಬಸ್ಸಿನಲ್ಲಿ ಕೋಡನ್ನು ಮನಸ್ಸಿನಲ್ಲೇ ಸಾಲು ಸಾಲಾಗಿ ಓದಿದೆ. ಸೆಕೆಂಡಿಗೊಮ್ಮೆ ಕತ್ತರಿಸುತ್ತೇನೆ, ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ. ಕತ್ತರಿಸಿದ ಕಡೆ ಏನೋ ಆಗುತ್ತಿದೆ. ಆದರೆ ಏನು? ಒಂದು ಅಂಕಿಯನ್ನೂ ಬಿಟ್ಟಿಲ್ಲವಲ್ಲ, ಎಲ್ಲವನ್ನೂ ಜೋಪಾನವಾಗಿ ಒಂದರ ಪಕ್ಕ ಒಂದು ಇಟ್ಟಿದ್ದೇನಲ್ಲ ಎಂದು ಮತ್ತೆ ಮತ್ತೆ ನನ್ನನ್ನೇ ಸಮರ್ಥಿಸಿಕೊಂಡೆ.

ಮನೆಗೆ ಹೋದರೆ ಅವ್ವ ಮಗ್ಗದ ಹಿಂದೆ ಕೂತಿದ್ದಳು. ಹಳೆಯ ಹಾಸು ಮುಗಿದಿತ್ತು. ಮಗ್ಗದ ಮೇಲೆ ಉದ್ದಕ್ಕೆ ಹಾಸಿರುವ ನೂಲು ಮುಗಿದಾಗ ಅದರ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುವುದು, ಎರಡು ತುದಿ ಸೇರಿಸುವುದು, ಒಂದು ತಿರುವು, ಮುಂದಿನದು. ನಮ್ಮ ಬೀದಿಯಲ್ಲಿ ಇದು ಹೆಂಗಸರ ಕೆಲಸ, ಅವ್ವನಷ್ಟು ಬೇಗ ಮಾಡುವವರು ಈಗಲೂ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು ಹಿಂದಿನ ಸಲದ ಸೀರೆಗಳನ್ನು ಮಡಚುತ್ತಿದ್ದರು. ಅವರ ಕಾಲ ಬಳಿ ಅಂಗೈಯಗಲದ ಬಟ್ಟೆಯ ಪಟ್ಟಿಯೊಂದು ಬಿದ್ದಿತ್ತು. ಹೋದ ಸಲ ಹಾಸು ಸೇರಿಸಿದ ಜಾಗ ಅದು. ನೇಯುತ್ತ ನೇಯುತ್ತ ಆ ಗಂಟುಗಳು ಬಟ್ಟೆಯೊಳಗೆ ಬಂದಾಗ, ಅದರ ಹಿಂದೊಂದಿಷ್ಟು ಮುಂದೊಂದಿಷ್ಟು ಸೇರಿಸಿ ಕತ್ತರಿಸಿ ತೆಗೆದುಬಿಡುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೆ, ಅಂಥ ಪಟ್ಟಿಯಲ್ಲಿ ಅಡುಗೆಮನೆಯ ಕಟ್ಟೆ ಒರೆಸಿದ್ದೆ.

"ಅವ್ವ, ಗೇಣು ನೂಲು ಬಿದ್ರೆ ಎತ್ತಿಡ್ತೀಯ. ಇಷ್ಟಗಲ ಬಟ್ಟೆ ಕತ್ರಿಸಿ ಬಿಸಾಕ್ತೀರಲ್ಲ?" ಎಂದು ಕೇಳಿದೆ. ಜಗಳಕ್ಕೆ ಯಾರಾದರೂ ಬೇಕಿತ್ತು ನನಗೆ.

ಅವಳು ಕೈ ನಿಲ್ಲಿಸಲಿಲ್ಲ. "ಓದಿದ್ದೀಯ ಅಂತಾರೆ, ಇದೂ ತಿಳೀದಾ? ಸೇರ್ಸಿದ ಕಡೆ ಎಳೆ ಒಂದು ಬಿಗಿ, ಒಂದು ಸಡಿಲ. ಅಲ್ಲಿ ನೇಯ್ದದ್ದು ನಿಲ್ಲಲ್ಲ. ಅದ್ರ ಪಕ್ಕದ್ದೂ ನಿಲ್ಲಲ್ಲ. ಅದ್ನ ಸೀರೆ ಒಳಗೆ ಇಟ್ಟು ಕೊಟ್ರೆ ಯಾರಾದ್ರೂ ಉಡ್ತಾರಾ?"

"ಹಂಗಾದ್ರೆ ಅದು ಹಾಳಲ್ವಾ?"

"ಹಾಳ್ಯಾಕೆ? ಮಿಕ್ಕಿದ್ದು ಸರಿಯಾಗಿರ್ಲಿ ಅಂತ ಬಿಟ್ಟದ್ದು."

ನಾನು ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಹಾಗೇ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಫೂರಿಯರ್ ಗಣಿತಕ್ಕೆ ಒಂದು ನಂಬಿಕೆಯಿದೆ, ಕಾಲೇಜಿನಲ್ಲಿ ಅದನ್ನು ಪರೀಕ್ಷೆಗೆ ಬರೆದು ಮಾರ್ಕು ತೆಗೆದು ಮರೆತಿದ್ದೆ. ನೀವು ಕೊಟ್ಟ ತುಂಡಿನ ಕೊನೆ ಅದೇ ತುಂಡಿನ ಮೊದಲಿಗೆ ಹೋಗಿ ಸೇರುತ್ತದೆ, ಬಳೆಯ ಹಾಗೆ, ಎಂದು ಅದು ತಿಳಿಯುತ್ತದೆ. ಕೊನೆ ಮೇಲೆ, ಮೊದಲು ಕೆಳಗೆ ಇದ್ದರೆ ಅಲ್ಲೊಂದು ನೆಗೆತ. ಆ ನೆಗೆತವನ್ನು ಸ್ವರಗಳಲ್ಲಿ ಕಟ್ಟಲು ಹೋಗಿ ತುಂಡಿನ ಎರಡೂ ಅಂಚು ಅಲುಗಾಡುತ್ತವೆ. ನಡು ಮಾತ್ರ ಗಟ್ಟಿ. ನಾನು ಪರೀಕ್ಷೆಗೆ ಕೊಟ್ಟ ಐವತ್ತು, ನೂರು, ನಾನೂರರ ಸ್ವರಗಳು ಒಂದು ಸೆಕೆಂಡಿನಲ್ಲಿ ಪೂರ್ತಿ ಪೂರ್ತಿ ಸುತ್ತು ಮುಗಿಸುವಂಥವು, ಅವುಗಳ ಕೊನೆ ಮೊದಲಿಗೆ ತಾನಾಗಿಯೇ ಸೇರುತ್ತಿತ್ತು. ಹಾಗಾಗಿ ತಪ್ಪು ಕಾಣಲೇ ಇಲ್ಲ. ಐವತ್ತೂವರೆ ಸುತ್ತಿನ ಸ್ವರ ಕೊಟ್ಟೆ. ಟಕ್ ಎಂದಿತು. ಅಲ್ಲಿ ಮೆಷಿನ್ ಇರಲಿಲ್ಲ, ಗೇರ್ ಇರಲಿಲ್ಲ, ಫಿಟ್ಟರ್ ಇರಲಿಲ್ಲ.

ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಎರಡು ಸೆಕೆಂಡಿನ ತುಂಡು ತೆಗೆದುಕೊಂಡು, ಬಿಡಿಸಿ ಕಟ್ಟಿ, ಎರಡೂ ಬದಿ ಅರ್ಧರ್ಧ ಸೆಕೆಂಡು ಕತ್ತರಿಸಿ ಎಸೆದು, ನಡುವಿನ ಒಂದು ಸೆಕೆಂಡನ್ನು ಮಾತ್ರ ಇಟ್ಟುಕೊಳ್ಳುವುದು. ಒಂದು ಸೆಕೆಂಡು ಮುಂದೆ ಸರಿದು ಮತ್ತೆ ಹಾಗೆಯೇ. ಮಾಡಿದ ಕೆಲಸದಲ್ಲಿ ಅರ್ಧಕ್ಕರ್ಧ ಕಸಕ್ಕೆ. ಆ ಸಾಲು ಬರೆಯುವಾಗ ನನ್ನ ಕೈ ನಿಜವಾಗಿಯೂ ತಡೆಯಿತು. ಏಳನೇ ಮೆಷಿನ್‌ನ ಶುಕ್ರವಾರದ ಅಂಕಿಗಳನ್ನು ಹಾಕಿ ಕೇಳಿದೆ. ಬರೀ ಗೊರ್. ತೊಳೆದಿಟ್ಟ ಮೆಷಿನ್, ಒಳ್ಳೆಯ ಕೈ ಜೋಡಿಸಿದ ಮೆಷಿನ್. ನನಗೆ ಸಂತೋಷವೂ ಆಯಿತು, ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತೆಯೂ ಆಯಿತು.

ಕೂಡಲೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಕೋಪಿಸಿಕೊಳ್ಳಲಿಲ್ಲ. ಮೆಚ್ಚಿದರು ಕೂಡ. ಆಮೇಲೆ ಹೇಳಿದರು: "ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ಹೊಸ ಕೋಡ್ ಹಾಕಿಬಿಡು. ಅವರು ಹೇಗೂ ಗೇರ್ ಬದಲಿಸುತ್ತಾರೆ. ಬದಲಿಸಿದ ಮೇಲೆ ಟಕ್ ನಿಂತಿತು ಅಂತ ಇರಲಿ. ನಮ್ಮ ಪ್ರೋಗ್ರಾಂ ಸರಿಯಾಗಿಯೇ ಹೇಳಿತು ಅಂತ ಆಗುತ್ತದೆ."

"ಫಿಟ್ಟರ್ ಕೆಲಸ, ಸಾರ್?"

"ವಯಸ್ಸಾಯಿತು ಅವರಿಗೆ. ಇವತ್ತಲ್ಲದಿದ್ದರೆ ನಾಳೆ ಕಳಿಸುತ್ತಿದ್ದರು."

ಆ ಮಾತು ಕೇಳಿದ ಮೇಲೆ ನನಗೆ ಹೆದರಿಕೆ ಹೋಯಿತು. ಅದುವರೆಗೆ ಹೆದರುತ್ತಿದ್ದೆ, ಸುಳ್ಳೇಕೆ ಹೇಳಲಿ. ಆ ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಕಂಡುಕೊಂಡ ಸತ್ಯವನ್ನು ನಾವು ಲಕ್ಷಗಟ್ಟಲೆ ಅಂಕಿ ಇಟ್ಟುಕೊಂಡು ಕಾಣಲಿಲ್ಲ. ಅದರ ಮೇಲೆ ಅವರನ್ನೇ ಕಿವುಡ ಎಂದು ಮನೆಗೆ ಕಳಿಸಿ, ನಮ್ಮ ಪ್ರೋಗ್ರಾಂಗೆ ಜಾಣ ಎಂದು ಹಾರ ಹಾಕಿಸಿಕೊಳ್ಳಬೇಕೆ? ಆಗುವುದಿಲ್ಲ ಸಾರ್ ಎಂದೆ. ಏನು ಆಗುವುದಿಲ್ಲ ಎಂದರು. ಸೋಮವಾರ ಬಂದು ಹೇಳುತ್ತೇನೆ ಎಂದು ಇಟ್ಟೆ.

ಸೋಮವಾರ ಮ್ಯಾನೇಜರ್ ರೂಮಿನಲ್ಲಿ ನಾವು ನಾಲ್ವರು. ಮ್ಯಾನೇಜರ್, ನಮ್ಮ ಮಾಲೀಕರು, ಗೋಡೆಗೆ ಒತ್ತಿ ನಿಂತ ಫಿಟ್ಟರ್, ನಾನು. ಯಾರೂ ಕೇಳುವ ಮೊದಲೇ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟು ಹಳೆಯ ಕೋಡಿನ ಸದ್ದು ಹಾಕಿದೆ. ಮೆಷಿನ್ ವೇಗವಾಗಿ ಓಡುವಾಗಿನದು, ನಿಧಾನವಾಗಿ ಓಡುವಾಗಿನದು. ಗಡಿಯಾರ ನೋಡಿ ಎಂದೆ. ಮೆಷಿನ್ನೇ ಇಲ್ಲದೆ, ನಾನು ಮನೆಯ ಜಗಲಿಯಲ್ಲಿ ಕೂತು ಮಾಡಿದ ಸ್ವರ ಹಾಕಿದೆ. ಟಕ್, ಟಕ್. ಆಮೇಲೆ ಹೊಸ ಕೋಡು. ಟಕ್ ಇಲ್ಲ. ನಮ್ಮ ಮಾಲೀಕರು ಕಿಟಕಿಯ ಕಡೆ ತಿರುಗಿದರು.

"ಹಾಗಾದರೆ ತಪ್ಪು ಯಾರದು?" ಎಂದರು ಮ್ಯಾನೇಜರ್.

"ನನ್ನದು. ಗೇರಿಗೆ ಕೈ ಹಾಕಬೇಡಿ. ಇವರನ್ನು ಕಳಿಸಬೇಡಿ."

"ಬಾಯಲ್ಲಿ ಹೇಳಿದರೆ ಆಗುತ್ತದಾ? ನಾನು ಮೇಲಿನವರಿಗೆ ಏನು ತೋರಿಸಲಿ?"

ನಾನು ಅವರ ಮೇಜಿನ ಮೇಲಿದ್ದ ಕಾಗದವನ್ನೇ ಎಳೆದುಕೊಂಡೆ. ಬರೆದು ಸಹಿ ಮಾಡಿದರೆ ನಮ್ಮ ಆಫೀಸಿನಲ್ಲಿ ನಿನಗೆ ಜಾಗವಿರುವುದಿಲ್ಲ ಎಂದು ನಮ್ಮ ಮಾಲೀಕರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. ಸ್ಕೂಲಿನಲ್ಲಿ ನಗೆಪಾಟಲಾಗಿದ್ದ ಅದೇ ತಮಿಳಿನಲ್ಲಿ ನಾಲ್ಕು ಸಾಲು ಬರೆದೆ. ಸಹಿಯನ್ನು ಎಂದೂ ಹಾಕದಷ್ಟು ದೊಡ್ಡದಾಗಿ ಹಾಕಿದೆ. ಅವರು ಹೇಳಿದಂತೆಯೇ ಆಯಿತು, ಆ ವಾರವೇ ನಾನು ಆಫೀಸು ಬಿಟ್ಟೆ. ಈಗ ಒಬ್ಬಳೇ ಕೆಲಸ ಮಾಡುತ್ತೇನೆ. ಅದರ ಬಗ್ಗೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ಶುಕ್ರವಾರವೇ ಹೇಳಲಿಲ್ಲವಲ್ಲ ಎಂಬುದೊಂದು ಮಾತ್ರ ಇನ್ನೂ ಚುಚ್ಚುತ್ತದೆ.

ಮ್ಯಾನೇಜರ್ ಕಾಗದ ಓದಿ, ಅದರ ಒಂದು ಜೆರಾಕ್ಸ್ ತೆಗೆಸಿ ಫಿಟ್ಟರ್ ಕೈಗೆ ಕೊಟ್ಟು, ಹೋಗಿ ಕೆಲಸ ನೋಡಿ ಎಂದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನು ಫಿಟ್ಟರ್ ಹಿಂದೆಯೇ ಹಾಲ್‌ಗೆ ಬಂದೆ. ಅವರು ಏಳನೇ ಮೆಷಿನ್ ಬಳಿ ನಿಂತು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕೈಗೇ ಕೊಟ್ಟರು.

"ಕನ್ನಡಕ ಮನೇಲಿದೆ. ಏನ್ ಬರ್ದಿದ್ದೀಯ ಅಂತ ನಮ್ಮ ಮಾತಲ್ಲಿ ಹೇಳು ಅಮ್ಮಣಿ."

ಸುತ್ತಲೂ ಎಲ್ಲ ಮೆಷಿನ್ ಓಡುತ್ತಿದ್ದವು. ಕೆಲಸದವರು ನಮ್ಮನ್ನೇ ನೋಡುತ್ತಿದ್ದರು. ಕೆಲಸದ ಜಾಗದಲ್ಲಿ, ಹತ್ತು ಜನರ ಎದುರಿಗೆ, ಫೋನಿನಲ್ಲಲ್ಲದೆ ನಾನು ಕನ್ನಡ ಆಡಿರಲೇ ಇಲ್ಲ. ಗಂಟಲು ಎತ್ತರಿಸಿ ಹೇಳಿದೆ: "ಆ ಸತ್ತಂ ಮೆಷಿನ್ದಲ್ಲ! ಫಿಟ್ಟರ್ ಕೆಲ್ಸದಲ್ಲಿ ಏನೂ ತಪ್ಪಿಲ್ಲ! ತಪ್ಪು ನನ್ದು!"

ಹಾಲ್‌ನ ಆ ತುದಿಯಲ್ಲಿ ಬಾಗಿದ ಸೂಜಿ ಈ ತುದಿಗೆ ಕೇಳಿಸುವ ಆ ಮನುಷ್ಯ, ಕಿವಿಗೆ ಅಂಗೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿದರು.

"ಕೇಳ್ಲಿಲ್ಲ ಅಮ್ಮಣಿ," ಎಂದರು. "ಇನ್ನೊಂದ್ಸಲ ಹೇಳು."

ನಾನು ಇನ್ನೂ ಜೋರಾಗಿ ಹೇಳಿದೆ.